ಲೈವ್ ಸೌಂಡ್ ಕೆಲಸಕ್ಕೆ ಇಳಿಯುವುದು ಹೇಗೆ: ಕೇಬಲ್ ಮೊದಲು, ಮಿಕ್ಸರ್ ಕೊನೆಗೆ

ವಾರಕ್ಕೊಬ್ಬರಾದರೂ ಕೇಳುತ್ತಾರೆ: "ಅಣ್ಣಾ, ಸೌಂಡ್ ಫೀಲ್ಡ್‌ಗೆ ಬರಬೇಕು, ಯಾವ ಮಿಕ್ಸರ್ ತಗೊಳ್ಳಲಿ?" ಎಡವುವುದು ಇಲ್ಲೇ. ಸಾಲ ಮಾಡಿ ಮಿಕ್ಸರ್ (ಎಲ್ಲ ಮೈಕ್‌ಗಳ ಶಬ್ದ ಸೇರಿಸಿ ಹದ ಮಾಡುವ ಯಂತ್ರ) ತರುತ್ತಾರೆ, ದುಬಾರಿ ಕೋರ್ಸ್‌ಗೆ ಸೇರುತ್ತಾರೆ, ಆಮೇಲೆ ಕೆಲಸ ಹುಡುಕುತ್ತಾರೆ. ಮೊದಲ ಶೋನಲ್ಲಿ ಸ್ಟೇಜ್ ಮೇಲೆ ಒಂದು ಕೇಬಲ್ ಕೈಕೊಟ್ಟರೆ ಯಾವುದು ಅಂತ ಹುಡುಕೋಕೆ ಬರುವುದಿಲ್ಲ. ಮುಂದಿನ ಶೋಗೆ ಕರೆ ಬರುವುದಿಲ್ಲ.

ಈ ಕೆಲಸ ಕಲಿಯೋಕೆ ಒಂದು ಕ್ರಮ ಇದೆ. ಮೊದಲು ಕೇಬಲ್, ಆಮೇಲೆ ಕರೆಂಟ್, ಆಮೇಲೆ ಸ್ಟೇಜ್, ಆಮೇಲೆ ಕಿವಿ. ಮಿಕ್ಸರ್ ಕೊನೆಗೆ. ಕೆಳಗಿರುವುದೆಲ್ಲ ಅದೇ ಕ್ರಮದಲ್ಲಿದೆ. ಯಾವ ಹಂತವನ್ನೂ ಹಾರಬೇಡಿ.

ಹಂತ 1: ಯಾವ ಕೆಲಸ ಅಂತ ಮೊದಲು ತಿಳಿದುಕೊಳ್ಳಿ

"ಸೌಂಡ್‌ನವರು" ಅಂತ ಜನ ಒಂದೇ ಮಾತಲ್ಲಿ ಹೇಳಿಬಿಡುತ್ತಾರೆ. ದೊಡ್ಡ ಕಾರ್ಯಕ್ರಮದಲ್ಲಿ ಅದು ನಾಲ್ಕು ಬೇರೆ ಬೇರೆ ಕೆಲಸ. ಜನರ ಮಧ್ಯೆ ಕೂತು ಸಭೆಗೆ ಕೇಳುವ ಮಿಕ್ಸ್ ಮಾಡುವವರು ಎಫ್‌ಒಎಚ್ (ಫ್ರಂಟ್ ಆಫ್ ಹೌಸ್) ಇಂಜಿನಿಯರ್. ಸ್ಟೇಜ್ ಪಕ್ಕ ನಿಂತು ಕಲಾವಿದರಿಗೆ ಅವರ ಧ್ವನಿ ಅವರಿಗೇ ಕೇಳಿಸುವವರು ಮಾನಿಟರ್ ಇಂಜಿನಿಯರ್. ಸ್ಪೀಕರ್ ಎಲ್ಲಿ ಇಡಬೇಕು, ಯಾವ ಕೋನಕ್ಕೆ ತಿರುಗಿಸಬೇಕು, ದೂರದ ಸ್ಪೀಕರ್‌ಗೆ ಶಬ್ದ ಎಷ್ಟು ತಡ ಮಾಡಿ ಕೊಡಬೇಕು (ಡಿಲೇ) ಅಂತ ನೋಡುವವರು ಸಿಸ್ಟಮ್ ಟೆಕ್. ಮೈಕ್ ಇಡುವುದು, ಕೇಬಲ್ ಎಳೆಯುವುದು, ಒಂದು ಐಟಂ ಮುಗಿದು ಇನ್ನೊಂದು ಬರುವ ನಡುವೆ ಎಲ್ಲ ಬದಲಿಸುವುದು ಸ್ಟೇಜ್ ಟೆಕ್ ಕೆಲಸ. ಚಿಕ್ಕ ಕಾರ್ಯಕ್ರಮದಲ್ಲಿ ಈ ನಾಲ್ಕನ್ನೂ ಒಬ್ಬನೇ ಮಾಡುತ್ತಾನೆ, ಲಾರಿಯಿಂದ ಬಾಕ್ಸ್ ಇಳಿಸುವುದೂ ಸೇರಿ.

ನೀವು ಶುರು ಮಾಡುವುದು ಸ್ಟೇಜ್‌ನಿಂದಲೇ. ರಾತ್ರಿ ನಿದ್ದೆಗೆಡೋಕೆ ಆಗಲ್ಲ, ಭಾರ ಎತ್ತೋಕೆ ಆಗಲ್ಲ ಅನ್ನುವವರು ಸ್ಟುಡಿಯೋ ರೆಕಾರ್ಡಿಂಗ್ ಕಡೆ ಹೋಗಿ. ಅದರ ದಾರಿಯೇ ಬೇರೆ. ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ಟಿವಿ ಸಂಸ್ಥೆಯಂಥ ಕಡೆ ಕಲಿಸುವ ಸೌಂಡ್ ಮುಖ್ಯವಾಗಿ ಸಿನಿಮಾ, ರೆಕಾರ್ಡಿಂಗ್ ಕಡೆಯದು. ಓದಿಕೊಂಡು ಬಂದರೆ ಒಳ್ಳೆಯದೇ. ಆದರೆ ಲೈವ್‌ಗೆ ಬಂದಮೇಲೆ ಡಿಪ್ಲೊಮಾ ಇದ್ದವರೂ ಕೇಬಲ್ ಸುತ್ತಲೇಬೇಕು.

ಹಂತ 2: ಚಿಕ್ಕ ಚೀಲ ಸಿದ್ಧ ಮಾಡಿ

ಮಿಕ್ಸರ್, ಸ್ಪೀಕರ್, ಮೈಕ್ ಯಾವುದೂ ಬೇಡ. ಅವು ಕಂಪನಿಯ ಹತ್ತಿರ ಇರುತ್ತವೆ. ನಿಮ್ಮ ಚೀಲದಲ್ಲಿ ಇರಬೇಕಾದ್ದು ಇಷ್ಟೇ:

ಡಿಜಿಟಲ್ ಮಲ್ಟಿಮೀಟರ್, ತಲೆಗೆ ಕಟ್ಟುವ ಟಾರ್ಚ್, ಸಾಲ್ಡರಿಂಗ್ ಐರನ್ ಮತ್ತು ಲೆಡ್, ಕಟ್ಟಿಂಗ್ ಪ್ಲೈಯರ್, ಸ್ಕ್ರೂಡ್ರೈವರ್ ಸೆಟ್, ಕಪ್ಪು ಬಟ್ಟೆಯ ಗ್ಯಾಫರ್ ಟೇಪ್, ಬಿಳಿ ಟೇಪ್ ಮತ್ತು ಮಾರ್ಕರ್ ಪೆನ್, ನಾಲ್ಕೈದು ಎಕ್ಸ್‌ಎಲ್‌ಆರ್ ಕನೆಕ್ಟರ್ (ಮೈಕ್ ಕೇಬಲ್ ತುದಿಯ ಮೂರು ಪಿನ್ನಿನದು), ಫೋನ್‌ನಿಂದ ಹಾಡು ಕೊಡೋಕೆ ಒಂದು ಕೇಬಲ್, ಇಯರ್‌ಪ್ಲಗ್.

ಬೆಂಗಳೂರಿನವರಾದರೆ ಎಲ್ಲವೂ ಎಸ್‌.ಪಿ. ರೋಡ್‌ನಲ್ಲಿ ಅರ್ಧ ದಿನದಲ್ಲಿ ಸಿಗುತ್ತವೆ. ಕನೆಕ್ಟರ್ ತಗೊಳ್ಳುವಾಗ ಮಾತ್ರ ಹುಷಾರು. ನೋಡೋಕೆ ಥೇಟ್ ಬ್ರ್ಯಾಂಡೆಡ್ ಥರ ಇರುವ ನಕಲಿ ಮಾಲು ಇರುತ್ತದೆ. ಎರಡು ತುದಿ ಸೇರಿಸಿ ಅಲ್ಲಾಡಿಸಿ ನೋಡಿ. ಲಾಕ್ ಬಿದ್ದಮೇಲೂ ಗಡಗಡ ಅಂದರೆ ಬಿಟ್ಟುಬಿಡಿ. ಇನ್ನು ಪಾರದರ್ಶಕ ಸೆಲೋಟೇಪ್ ಅಥವಾ ಕಂದು ಪ್ಯಾಕಿಂಗ್ ಟೇಪ್ ತರಬೇಡಿ. ಕೇಬಲ್ ಮೇಲೆ ಅದರ ಅಂಟು ಉಳಿದರೆ ಗೋಡೌನ್‌ನಲ್ಲಿ ಬೈಸಿಕೊಳ್ಳುವುದು ನೀವೇ.

ಹಂತ 3: ಕೇಬಲ್ ಸುತ್ತುವುದು, ಬೆಸೆಯುವುದು

ನಗಬೇಡಿ. ಹೊಸಬ ಕೆಲಸದವನೋ ಅಲ್ಲವೋ ಅಂತ ಹಳಬರು ನೋಡುವುದು ಇದರಲ್ಲೇ. ನನ್ನನ್ನು ಮೊದಲ ದಿನ ಕೇಳಿದ್ದೂ ಒಂದೇ ಪ್ರಶ್ನೆ: "ಕೇಬಲ್ ಸುತ್ತೋಕೆ ಬರುತ್ತೇನಪ್ಪಾ?" ಬರುತ್ತೆ ಸಾರ್ ಅಂದು, ಮೊಣಕೈಗೂ ಅಂಗೈಗೂ ಹಾಕಿ ಹಗ್ಗದ ಥರ ಸುತ್ತಿದೆ. ಅವರು ಏನೂ ಬೈಯಲಿಲ್ಲ. ಸುತ್ತಿದ್ದನ್ನು ಬಿಚ್ಚಿ ನನ್ನ ಕೈಗೇ ವಾಪಸ್ ಕೊಟ್ಟರು.

ಮೊಣಕೈಗೆ ಸುತ್ತಿದರೆ ಪ್ರತಿ ಸುತ್ತಿನಲ್ಲೂ ತಂತಿಗೆ ಒಂದು ತಿರುಚು ಬೀಳುತ್ತದೆ. ದಿನಾ ಹಾಗೆ ಮಾಡಿದರೆ ಒಳಗಿನ ತಂತಿ ಮುರಿಯುತ್ತದೆ. ಸರಿಯಾದ ವಿಧಾನ: ಒಂದು ಸುತ್ತು ಮಾಮೂಲಿಯಾಗಿ ಕೈಗೆ ತಗೊಳ್ಳಿ. ಮುಂದಿನ ಸುತ್ತನ್ನು ಮಣಿಕಟ್ಟು ಒಳಕ್ಕೆ ತಿರುಗಿಸಿ, ಅಡಿಯಿಂದ ಬರುವ ಹಾಗೆ ತಗೊಳ್ಳಿ. ಮತ್ತೆ ಮಾಮೂಲಿ, ಮತ್ತೆ ಅಡಿಯಿಂದ. ಒಂದರ ತಿರುಚನ್ನು ಇನ್ನೊಂದು ಕಳೆಯುತ್ತದೆ. ಸರಿಯಾಗಿ ಸುತ್ತಿದ್ದೀರಾ ಅಂತ ತಿಳಿಯಬೇಕಾ? ಒಂದು ತುದಿ ಹಿಡಿದು ಉಳಿದದ್ದನ್ನು ಎಸೆಯಿರಿ. ಗಂಟಿಲ್ಲದೆ ನೇರವಾಗಿ ಬಿಚ್ಚಿಕೊಂಡರೆ ಪಾಸ್. ಸುತ್ತುವಾಗ ತುದಿ ಒಳಗಡೆಯಿಂದ ತೂರಿ ಹೋಗಿದ್ದರೆ ಸಾಲಾಗಿ ಗಂಟು ಬೀಳುತ್ತದೆ. ಮನೆಯಲ್ಲಿ ಹತ್ತು ಮೀಟರ್ ಕೇಬಲ್ ಇಟ್ಟುಕೊಂಡು ಒಂದು ವಾರ ಸಂಜೆ ಅಭ್ಯಾಸ ಮಾಡಿದರೆ ಕೈಗೆ ಬರುತ್ತದೆ.

ಜೊತೆಗೆ ಎಕ್ಸ್‌ಎಲ್‌ಆರ್ ಬೆಸೆಯೋಕೆ ಕಲಿಯಿರಿ. ಪಿನ್ 1 ಶೀಲ್ಡ್ (ಹೊರಗಿನ ಜಾಲರಿ ತಂತಿ), ಪಿನ್ 2 ಪ್ಲಸ್, ಪಿನ್ 3 ಮೈನಸ್. ಒಂದು ತುದಿಯಲ್ಲಿ 2 ಮತ್ತು 3 ಅದಲು ಬದಲಾದರೆ ಶಬ್ದ ಬರುತ್ತದೆ, ಆದರೆ ಪೊಲಾರಿಟಿ (ಪ್ಲಸ್-ಮೈನಸ್ ದಿಕ್ಕು) ಉಲ್ಟಾ. ಮೃದಂಗಕ್ಕೆ ಎರಡು ಮೈಕ್ ಇಟ್ಟು ಅದರಲ್ಲೊಂದಕ್ಕೆ ಇಂಥ ಕೇಬಲ್ ಸಿಕ್ಕರೆ ನಾದ ತೆಳ್ಳಗಾಗಿ ಹೋಗುತ್ತದೆ. ನೀವು ಸುಮ್ನೆ ಇಕ್ಯೂ (ಬಾಸ್, ಟ್ರೆಬಲ್ ಥರ ದನಿ ತಿದ್ದುವ ನಾಬ್) ತಿರುಗಿಸುತ್ತಾ ಕೂರುತ್ತೀರಿ. ಬೆಸೆದಮೇಲೆ ಮಲ್ಟಿಮೀಟರ್‌ನ ಬೀಪ್ ಮೋಡ್‌ನಲ್ಲಿ ಮೂರೂ ಪಿನ್ ನೋಡಿ. ನೋಡುವಾಗ ಕೇಬಲ್ ಅಲ್ಲಾಡಿಸುತ್ತಲೇ ಇರಿ.

ಹಂತ 4: ಕಂಪನಿಯ ಬಾಗಿಲು ತಟ್ಟುವುದು, ಅದೂ ಸರಿಯಾದ ತಿಂಗಳಲ್ಲಿ

ಹೆಚ್ಚಿನವರು ಫೇಲ್ ಆಗುವ ಜಾಗ ಇದು. ಗಣೇಶ ಹಬ್ಬದ ವಾರ ಫೋನ್ ಮಾಡುತ್ತಾರೆ. ಆಗ ಮಾಲೀಕರಿಗೆ ಊಟ ಮಾಡೋಕೂ ಪುರುಸೊತ್ತು ಇರುವುದಿಲ್ಲ.

ನಮ್ಮ ಕಡೆ ಈ ಕೆಲಸಕ್ಕೆ ಅದರದೇ ಪಂಚಾಂಗ ಇದೆ. ಗಣೇಶನ ಆರ್ಕೆಸ್ಟ್ರಾಗಳು, ದಸರಾ, ಆಮೇಲೆ ನವೆಂಬರ್ ಪೂರ್ತಿ ರಾಜ್ಯೋತ್ಸವ. ಒಂದನೇ ತಾರೀಕಿನ ಹಬ್ಬವನ್ನು ಬಡಾವಣೆಗಳಲ್ಲಿ 30ರವರೆಗೂ ಮಾಡುತ್ತಾರೆ, ನಮಗೆ ಒಳ್ಳೆಯದೇ. ಆಮೇಲೆ ಮದುವೆ, ಕಾಲೇಜು ಫೆಸ್ಟ್, ಜಾತ್ರೆ, ರಾಮನವಮಿ ಕಛೇರಿಗಳು. ಆಷಾಢದಲ್ಲಿ ಮಾತ್ರ ಕೆಲಸ ಕಡಿಮೆ. ಆಗ ಮಾಲೀಕರು ಗೋಡೌನ್‌ನಲ್ಲೇ ಇರುತ್ತಾರೆ. ಸ್ಪೀಕರ್ ರಿಪೇರಿ, ಕೇಬಲ್ ರಿಪೇರಿ ನಡೆಯುವ ಕಾಲ ಅದು. ಹೋಗುವುದಾದರೆ ಆಗ ಹೋಗಿ. ಫೋನ್ ಮಾಡಬೇಡಿ, ರೆಸ್ಯೂಮೆ ಮೇಲ್ ಮಾಡಬೇಡಿ. ಬೆಳಗ್ಗೆ ಹನ್ನೊಂದರ ಮೇಲೆ ಚೀಲ ತಗಲಿಸಿಕೊಂಡು ಖುದ್ದಾಗಿ ಹೋಗಿ.

ಹೇಳಬೇಕಾದ್ದು ಎರಡೇ ಮಾತು: "ಸಾರ್, ಕೇಬಲ್ ರಿಪೇರಿ ಬರುತ್ತೆ. ಗಣೇಶನ ಸೀಸನ್‌ಗೆ ಹೆಲ್ಪರ್ ಬೇಕಿದ್ದರೆ ಬರ್ತೀನಿ." ಕೆಟ್ಟ ಕೇಬಲ್‌ಗಳ ರಾಶಿ ಒಂದು ಮೂಲೆಯಲ್ಲಿ ಇದ್ದೇ ಇರುತ್ತದೆ. ಎರಡು ದಿನ ಕೂತು ಸರಿಮಾಡಿಕೊಡಿ. ಆಷಾಢದಲ್ಲಿ ಕೇಬಲ್ ಸರಿಮಾಡಿಕೊಟ್ಟ ಹುಡುಗನನ್ನು ಶ್ರಾವಣದಲ್ಲಿ ಮರೆಯುವ ಮಾಲೀಕರನ್ನು ನಾನು ಕಂಡಿಲ್ಲ.

ದೂರ ಇರಬೇಕಾದ ಲಕ್ಷಣಗಳೂ ಇವೆ. ಕೆಲಸ ಕೊಡೋಕೆ ಡೆಪಾಸಿಟ್ ಕೇಳುವವರು. "ಮೂರು ತಿಂಗಳಲ್ಲಿ ಇಂಜಿನಿಯರ್, 100% ಕೆಲಸ ಗ್ಯಾರಂಟಿ" ಅನ್ನುವ ಕೋರ್ಸ್. ಮೂರು ಪಿನ್ ಪ್ಲಗ್‌ನಲ್ಲಿ ಅರ್ಥಿಂಗ್ ಪಿನ್ ಮುರಿದಿಟ್ಟಿರುವ ಗೋಡೌನ್. ಕೊನೆಯದನ್ನು ಕಂಡರೆ ನಯವಾಗಿ ನಮಸ್ಕಾರ ಹೇಳಿ ಹೊರಡಿ. ಯಾಕೆ ಅಂತ ಮುಂದಿನ ಹಂತದಲ್ಲಿದೆ.

ಹಂತ 5: ಕರೆಂಟ್

ಕೇಬಲ್ ತಪ್ಪಾದರೆ ಮಾನ ಹೋಗುತ್ತದೆ, ಕರೆಂಟ್ ತಪ್ಪಾದರೆ ಜೀವ ಹೋಗುತ್ತದೆ. ಹೊರಾಂಗಣ ಕಾರ್ಯಕ್ರಮದಲ್ಲಿ ಕರೆಂಟ್ ಸಾಮಾನ್ಯವಾಗಿ ಜನರೇಟರ್‌ನಿಂದ ಮೂರು ಫೇಸ್‌ನಲ್ಲಿ ಬರುತ್ತದೆ. ಒಂದು ಫೇಸ್‌ಗೂ ನ್ಯೂಟ್ರಲ್‌ಗೂ ನಡುವೆ ಸುಮಾರು 230 ವೋಲ್ಟ್. ಎರಡು ಫೇಸ್ ನಡುವೆ 400ರ ಮೇಲೆ. ನ್ಯೂಟ್ರಲ್ ಸಡಿಲವಾದರೆ ಆ ದೊಡ್ಡ ವೋಲ್ಟೇಜು ಲೈಟು, ಸೌಂಡು ಅನ್ನದೆ ಹಂಚಿಕೊಂಡು ನುಗ್ಗುತ್ತದೆ.

ಒಂದು ರಾಜ್ಯೋತ್ಸವದ ಸಂಜೆ ಹಾಗೇ ಆಯಿತು. ಮಲ್ಟಿಮೀಟರ್ ನನ್ನ ಜೇಬಲ್ಲೇ ಇತ್ತು. ಬಾವುಟ ಹಾರಿಸೋಕೆ ಮುಖ್ಯ ಅತಿಥಿಗಳು ಬಂದುಬಿಟ್ಟರು ಅಂತ ಗಡಿಬಿಡಿಯಲ್ಲಿ ಅಳೆಯದೆ ಸ್ವಿಚ್ ಹಾಕಿದೆ. ಮೊದಲು ಸ್ಟೇಜ್ ಲೈಟು ವಿಪರೀತ ಬೆಳ್ಳಗಾಯಿತು. ಆಮೇಲೆ ಎಡಗಡೆಯ ಪವರ್ಡ್ (ಒಳಗೇ ಆಂಪ್ಲಿಫೈಯರ್ ಇರುವ) ಸ್ಪೀಕರ್‌ನಿಂದ ಸುಟ್ಟ ವಾಸನೆ. ಎರಡು ಸ್ಪೀಕರ್ ಹೋದವು. ನಾಡಗೀತೆಯನ್ನು ಮೈಕ್ ಇಲ್ಲದೆ ಹಾಡಿದರು. ತಪ್ಪು ಪೂರ್ತಿ ನನ್ನದೇ.

ಆಮೇಲಿಂದ ಇದನ್ನು ಬಿಟ್ಟಿಲ್ಲ:

1. ಬೋರ್ಡ್ ನೀವು ಬಿಚ್ಚಬೇಡಿ. ಜನರೇಟರ್‌ನವರನ್ನೋ ಎಲೆಕ್ಟ್ರಿಷಿಯನ್‌ನನ್ನೋ ಪಕ್ಕಕ್ಕೆ ಕರೆದು, ನಿಮಗೆ ಕೊಟ್ಟ ಸಾಕೆಟ್‌ನಲ್ಲಿ ಅಳೆಯಿರಿ.
2. ಫೇಸ್ ಮತ್ತು ನ್ಯೂಟ್ರಲ್ ನಡುವೆ 220ರಿಂದ 240 ಇರಬೇಕು. ಫೇಸ್ ಮತ್ತು ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟ್‌ಗಿಂತ ಜಾಸ್ತಿ ಬಂದರೆ ಸರಿಮಾಡಿಸಿ.
3. ಲೈಟಿನವರಿಗೂ ನಿಮಗೂ ಬೇರೆ ಬೇರೆ ಫೇಸ್ ಕೇಳಿ. ಡಿಮ್ಮರ್‌ನ ಝೇಂಕಾರ ಸ್ಪೀಕರ್‌ನಲ್ಲಿ ಬರುವುದು ಕಡಿಮೆಯಾಗುತ್ತದೆ.
4. ಆನ್ ಮಾಡುವಾಗ ಮಿಕ್ಸರ್ ಮೊದಲು, ಆಂಪ್ಲಿಫೈಯರ್ ಅಥವಾ ಪವರ್ಡ್ ಸ್ಪೀಕರ್ ಕೊನೆಗೆ. ಆಫ್ ಮಾಡುವಾಗ ಸ್ಪೀಕರ್ ಮೊದಲು, ಮಿಕ್ಸರ್ ಕೊನೆಗೆ. ಉಲ್ಟಾ ಮಾಡಿದರೆ "ಢಬ್" ಅನ್ನುತ್ತದೆ, ಟ್ವೀಟರ್ (ಮೇಲಿನ ದನಿಗಳ ಚಿಕ್ಕ ಸ್ಪೀಕರ್) ಹೋಗಬಹುದು.

ಕೀಬೋರ್ಡ್‌ನಿಂದ ಗುಂಯ್ ಅಂತ ಹಮ್ ಬಂದರೆ ಕೆಲವರು ಅರ್ಥಿಂಗ್ ಪಿನ್ ಕಿತ್ತುಹಾಕುತ್ತಾರೆ. ಹಮ್ ನಿಲ್ಲುತ್ತದೆ, ನಿಜ. ಆದರೆ ಮುಂದೆ ಯಾವತ್ತೋ ಲೀಕ್ ಆದಾಗ ಆ ಕರೆಂಟ್ ಹರಿದುಹೋಗೋಕೆ ಉಳಿಯುವ ದಾರಿ ಗಿಟಾರ್ ಹಿಡಿದು ಮೈಕ್‌ಗೆ ತುಟಿ ತಾಗಿಸಿದವನ ಮೈ. ಡಿಐ ಬಾಕ್ಸ್‌ನಲ್ಲಿ (ಕೀಬೋರ್ಡ್, ಗಿಟಾರ್ ಸಿಗ್ನಲನ್ನು ಮಿಕ್ಸರ್‌ಗೆ ಒಗ್ಗಿಸುವ ಪೆಟ್ಟಿಗೆ) ಗ್ರೌಂಡ್ ಲಿಫ್ಟ್ ಅಂತ ಪುಟ್ಟ ಸ್ವಿಚ್ ಇರುತ್ತದೆ, ಅದನ್ನು ಒತ್ತಿ. ಅದು ಸಿಗ್ನಲ್ ಕಡೆಯ ಗ್ರೌಂಡ್ ಮಾತ್ರ ಬಿಡಿಸುತ್ತದೆ, ಕರೆಂಟಿನ ಅರ್ಥಿಂಗ್ ಹಾಗೇ ಉಳಿಯುತ್ತದೆ.

ಹಂತ 6: ಪಟ್ಟಿ, ಲೈನ್ ಚೆಕ್, ಸೌಂಡ್ ಚೆಕ್

ಮೂರೂ ಬೇರೆ, ಮಾಡುವುದೂ ಇದೇ ಕ್ರಮದಲ್ಲಿ. ಹಿಂದಿನ ದಿನವೇ ಕಲಾವಿದರ ಕಡೆಯವರಿಗೆ ಫೋನ್ ಮಾಡಿ ಯಾರ್ಯಾರು, ಎಷ್ಟು ವಾದ್ಯ, ಯಾರು ಎಲ್ಲಿ ಕೂರುತ್ತಾರೆ ಅಂತ ಕೇಳಿ ಇನ್‌ಪುಟ್ ಪಟ್ಟಿ ಬರೆದುಕೊಳ್ಳಿ. ಕರ್ನಾಟಕ ಸಂಗೀತ ಕಛೇರಿಗೆ ಹೀಗಿರುತ್ತದೆ: 1 ಗಾಯನ, 2 ಪಿಟೀಲು, 3 ಮೃದಂಗ ಬಲ, 4 ಮೃದಂಗ ಎಡ, 5 ಘಟ ಅಥವಾ ಖಂಜಿರ, 6 ತಂಬೂರಿ. ಒಂದು ಚಾನೆಲ್ ಖಾಲಿ ಇಟ್ಟುಕೊಳ್ಳಿ. ನಿರೂಪಕರ ಮೈಕ್ ಯಾವಾಗಲೂ ಕೊನೇ ಗಳಿಗೆಯಲ್ಲೇ ನೆನಪಾಗುತ್ತದೆ.

ಲೈನ್ ಚೆಕ್‌ಗೆ ಕಲಾವಿದರು ಬೇಕಿಲ್ಲ. ಒಬ್ಬರು ಸ್ಟೇಜ್‌ನಲ್ಲಿ 1ರಿಂದ ಶುರು ಮಾಡಿ ಪ್ರತಿ ಮೈಕ್‌ನಲ್ಲೂ ಮಾತಾಡಬೇಕು, ಇನ್ನೊಬ್ಬರು ಮಿಕ್ಸರ್‌ನಲ್ಲಿ ಅದೇ ಚಾನೆಲ್‌ನಲ್ಲಿ ಬರುತ್ತಿದೆಯಾ ಅಂತ ನೋಡಬೇಕು. ಮೈಕ್ ತಟ್ಟಬೇಡಿ, ಊದಬೇಡಿ. ಕಂಡೆನ್ಸರ್ ಮೈಕ್‌ಗೆ, ಆಕ್ಟಿವ್ ಡಿಐಗೆ ಮಿಕ್ಸರ್‌ನಿಂದ ಮೈಕ್ ಕೇಬಲ್‌ನಲ್ಲೇ ಹೋಗುವ 48 ವೋಲ್ಟ್ ಕರೆಂಟ್ (ಫ್ಯಾಂಟಮ್) ಬೇಕು. ಅದನ್ನು ಹಾಕುವಾಗ, ತೆಗೆಯುವಾಗ, ಕೇಬಲ್ ಕೀಳುವಾಗ ಚಾನೆಲ್ ಮ್ಯೂಟ್ ಆಗಿರಲೇಬೇಕು.

ಏನೂ ಬರದಿದ್ದರೆ ಹುಡುಕುವುದಕ್ಕೂ ಕ್ರಮ ಇದೆ. ಮೊದಲು ಮೈಕ್ ಸ್ವಿಚ್, ಆಮೇಲೆ ಮೈಕ್ ಬದಲಿಸಿ, ಆಮೇಲೆ ಕೇಬಲ್, ಆಮೇಲೆ ಸ್ಟೇಜ್ ಬಾಕ್ಸ್‌ನ (ಸ್ಟೇಜ್‌ನ ಕೇಬಲ್‌ಗಳೆಲ್ಲ ಬಂದು ಸೇರುವ ಪೆಟ್ಟಿಗೆ) ತೂತು, ಕೊನೆಗೆ ಮಿಕ್ಸರ್. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಗಾಬರಿಯಲ್ಲಿ ಮೈಕನ್ನೂ ಕೇಬಲನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಟ್ಟಿತ್ತು ಅಂತ ಗೊತ್ತಾಗುವುದೇ ಇಲ್ಲ. ಕೆಟ್ಟ ಕೇಬಲ್ ಮತ್ತೆ ಪೆಟ್ಟಿಗೆ ಸೇರಿ ನಾಳೆ ಇನ್ನೊಬ್ಬನನ್ನು ಕಾಡುತ್ತದೆ. ಸಿಕ್ಕ ತಕ್ಷಣ ತುದಿಗೆ ಗಂಟು ಹಾಕಿ ಬೇರೆ ಇಡಿ.

ಸೌಂಡ್ ಚೆಕ್‌ನಲ್ಲಿ ಒಂದು ಮಾತಿನ ಗೊಂದಲ ಇದೆ, ಹೊಸಬರು ಬೆಪ್ಪಾಗುತ್ತಾರೆ. ಸ್ಪೀಕರ್ ಕುಂಯ್ ಅಂತ ಕೂಗುವುದಕ್ಕೆ ನಾವು ಫೀಡ್‌ಬ್ಯಾಕ್ ಅಂತೀವಿ. ಅನೇಕ ವಿದ್ವಾಂಸರು ತಮ್ಮ ಮುಂದಿರುವ ಮಾನಿಟರ್ ಸ್ಪೀಕರ್‌ಗೇ ಫೀಡ್‌ಬ್ಯಾಕ್ ಅಂತಾರೆ. "ಫೀಡ್‌ಬ್ಯಾಕ್ ಸ್ವಲ್ಪ ಜಾಸ್ತಿ ಕೊಡಪ್ಪಾ" ಅಂದರೆ ಮಾನಿಟರ್ ಏರಿಸಿ. ತಿದ್ದೋಕೆ ಹೋಗಬೇಡಿ.

ಗಾಯಕರು "ಹಲೋ ಹಲೋ, ಮೈಕ್ ಟೆಸ್ಟಿಂಗ್" ಅಂದಾಗ ಗೇನ್ (ಮೈಕ್ ಸಿಗ್ನಲ್ ಮಿಕ್ಸರ್‌ಗೆ ಎಷ್ಟು ಜೋರಾಗಿ ಬರಬೇಕು ಅನ್ನುವ ನಾಬ್) ಇಟ್ಟರೆ ತಾರಸ್ಥಾಯಿಗೆ ಹೋದಾಗ ಒಡೆಯುತ್ತದೆ. "ಸಾರ್, ತಾರಸ್ಥಾಯಿಯಲ್ಲಿ ಎರಡು ಸಾಲು ಹಾಡ್ತೀರಾ?" ಅಂತ ಕೇಳಿ. ಡಿಜಿಟಲ್ ಮಿಕ್ಸರ್‌ನಲ್ಲಿ ಸರಾಸರಿ ಮಟ್ಟ ಮೀಟರ್‌ನಲ್ಲಿ ಮೈನಸ್ 18 ಡೆಸಿಬೆಲ್ ಸುತ್ತ ಓಡಾಡಲಿ. ಕೆಲವು ಕಛೇರಿಗಳಲ್ಲಿ ಸೌಂಡ್ ಚೆಕ್‌ಗೆ ಟೈಮೇ ಸಿಗುವುದಿಲ್ಲ. ಆಗ ಮೊದಲ ವರ್ಣವೇ (ಕಛೇರಿ ಶುರು ಮಾಡುವ ರಚನೆ) ನಿಮ್ಮ ಸೌಂಡ್ ಚೆಕ್. ಮೃದಂಗದವರು ಕಲ್ಲು ಹಿಡಿದು ಶ್ರುತಿ ಮಾಡಿಕೊಳ್ಳುವಾಗ ಅವರ ಮೈಕ್ ಇಳಿಸಿ. ಮತ್ತೆ ಏರಿಸೋಕೆ ಮರೆಯಬೇಡಿ, ನಾನು ಮರೆತಿದ್ದೇನೆ.

ಹಂತ 7: ಕಿವಿ ತಯಾರಿ

ಸ್ಪೀಕರ್ ಕೂಗಿದಾಗ ಅದು ಯಾವ ಫ್ರೀಕ್ವೆನ್ಸಿ ಅಂತ ಎರಡು ಸೆಕೆಂಡಲ್ಲಿ ಹೇಳೋಕೆ ಬರಬೇಕು. ಇದಕ್ಕೆ ನಮ್ಮ ಸ್ವರಾಕ್ಷರಗಳೇ ಸಾಕು. ಅಂದಾಜಿಗೆ, ಕೂಗು "ಊ" ಅನ್ನುವಂತಿದ್ದರೆ 250 ಹರ್ಟ್ಸ್, "ಓ" ಆದರೆ 500, "ಆ" ಆದರೆ 1000, "ಏ" ಆದರೆ 2000, "ಈ" ಅಂತ ಚುಚ್ಚಿದರೆ 4000. ಫೋನ್‌ನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿಕೊಂಡು ದಿನಾ ಹತ್ತು ನಿಮಿಷ ಸಣ್ಣ ದನಿಯಲ್ಲಿ ಅಭ್ಯಾಸ ಮಾಡಿ. ಸಂಗೀತ ಕಲಿತವರಿಗೆ ಇದು ಬೇಗ ಬರುತ್ತದೆ.

ಕೂಗು ಬಂದ ತಕ್ಷಣ ಇಕ್ಯೂ ಕತ್ತರಿಸೋಕೆ ಹೋಗಬೇಡಿ. ಮೊದಲು ಮೈಕ್ ಬಾಯಿಗೆ ಹತ್ತಿರ ಇದೆಯಾ ನೋಡಿ. ದೂರ ಅರ್ಧಕ್ಕಿಳಿದರೆ ಸುಮಾರು 6 ಡೆಸಿಬೆಲ್ ಪುಕ್ಕಟೆ ಸಿಗುತ್ತದೆ. ಸುಮ್ನೆ ತೆರೆದಿರುವ ಮೈಕ್‌ಗಳನ್ನು ಮುಚ್ಚಿ. ತೆರೆದ ಮೈಕ್ ಎರಡರಷ್ಟಾದರೆ ಕೂಗದ ಹಾಗೆ ದನಿ ಏರಿಸೋಕೆ ನಿಮಗಿರುವ ಜಾಗ 3 ಡೆಸಿಬೆಲ್ ಕಮ್ಮಿಯಾಗುತ್ತದೆ. ಹಾಡುವವರು ಮೈಕಿನ ತಲೆಯನ್ನೇ ಮುಷ್ಟಿಯಲ್ಲಿ ಹಿಡಿದಿದ್ದರೆ ಮೆಲ್ಲಗೆ ಹೇಳಿ. ಇಷ್ಟಾದಮೇಲೂ ಕೂಗಿದರೆ ಇಕ್ಯೂ.

ಕೇಳಿ ಕಲಿಯೋಕೆ ರಾಮನವಮಿ ಕಾಲಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ಪೆಂಡಾಲ್‌ಗೆ ಹೋಗಿ. ಅರ್ಧ ಗಂಟೆ ಮುಂದೆ, ಅರ್ಧ ಗಂಟೆ ಮಿಕ್ಸರ್ ಹತ್ತಿರ, ಅರ್ಧ ಗಂಟೆ ಕೊನೇ ಸಾಲಲ್ಲಿ ಕೂರಿ. ಇನ್ನೊಂದು ದಿನ ಮಲ್ಲೇಶ್ವರದ ಕಡೆಯ ಚೌಡಯ್ಯ ಹಾಲ್‌ನಲ್ಲೂ ಹಾಗೇ ಮಾಡಿ. ಪೆಂಡಾಲ್‌ಗೂ ಗೋಡೆ ಇರುವ ಹಾಲ್‌ಗೂ ಪಿಟೀಲು ಹೇಗೆ ಬೇರೆ ಕೇಳುತ್ತದೆ ಅಂತ ಬರೆದಿಡಿ.

ಕಿವಿ ಉಳಿಸಿಕೊಳ್ಳುವುದೂ ಈ ಹಂತದ್ದೇ. ಕೆಲಸಗಾರರ ಆರೋಗ್ಯ, ಸುರಕ್ಷತೆ ನೋಡುವ ಅಮೆರಿಕದ ನಿಯಾಶ್ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬೆಲ್ ಶಬ್ದದಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಪ್ರತಿ 3 ಡೆಸಿಬೆಲ್ ಏರಿದಾಗಲೂ ಆ ಟೈಮ್ ಅರ್ಧ. 100 ಡೆಸಿಬೆಲ್‌ಗೆ ಬಂದರೆ 15 ನಿಮಿಷ ಅಷ್ಟೇ. ಶೋ ಮುಗಿಸಿ ಮಲಗಿದಾಗ ಕಿವಿಯಲ್ಲಿ ಕೀ ಅಂದರೆ ಅದು ಎಚ್ಚರಿಕೆ. ಮರುದಿನವೂ ನಿಲ್ಲದಿದ್ದರೆ ಇಎನ್‌ಟಿ ಡಾಕ್ಟರ್ ಹತ್ತಿರ ಹೋಗಿ.

ಹಂತ 8: ಈಗ ಮಿಕ್ಸರ್

ಕೊಳ್ಳೋಕೆ ಅಲ್ಲ, ಕಲಿಯೋಕೆ. ನಮ್ಮಲ್ಲಿ ಹೆಚ್ಚು ಸಿಗುವ ಬೆಹ್ರಿಂಜರ್ ಎಕ್ಸ್32ಗೆ ಕಂಪನಿಯೇ ಕೊಡುವ ಉಚಿತ ಎಡಿಟರ್ ತಂತ್ರಾಂಶ ಇದೆ. ಮಿಕ್ಸರ್ ಇಲ್ಲದೆಯೂ ಲ್ಯಾಪ್‌ಟಾಪ್‌ನಲ್ಲಿ ತೆರೆದು ಚಾನೆಲ್ ಹೆಸರು, ರೂಟಿಂಗ್ (ಯಾವ ಸಿಗ್ನಲ್ ಎಲ್ಲಿಗೆ), ಮಾನಿಟರ್ ಬಸ್ (ಮಾನಿಟರ್ ಸ್ಪೀಕರ್‌ಗೆ ಹೋಗುವ ಮಿಕ್ಸ್) ಎಲ್ಲ ಹೊಂದಿಸಿ ಸೇವ್ ಮಾಡಬಹುದು. ಯಮಾಹಾದವರೂ ತಮ್ಮ ಮಿಕ್ಸರ್‌ಗಳಿಗೆ ಇಂಥ ಎಡಿಟರ್ ಕೊಡುತ್ತಾರೆ. ಹಂತ 6ರ ಆರು ಚಾನೆಲ್ ಕಛೇರಿಯನ್ನೇ ಇದರಲ್ಲಿ ಹತ್ತು ಸಲ ಹೊಂದಿಸಿ.

ಯೂಟ್ಯೂಬ್‌ನಲ್ಲಿ ಕಲಿತ ಒಂದು ಅಂಕಿ ನಮ್ಮ ಸಂಗೀತಕ್ಕೆ ಒಗ್ಗುವುದಿಲ್ಲ. "ಗಾಯನಕ್ಕೆ ಲೋ ಕಟ್ 100 ಹರ್ಟ್ಸ್‌ಗೆ ಇಡಿ" ಅಂತಾರೆ, ಅಂದರೆ ಅದಕ್ಕಿಂತ ಕೆಳಗಿನ ದನಿ ಕತ್ತರಿಸಿ ಅಂತ. ಗಂಡಸರು ಒಂದೂವರೆ ಶ್ರುತಿಯಲ್ಲಿ ಹಾಡಿದರೆ ಅವರ ಷಡ್ಜ ಸುಮಾರು 139 ಹರ್ಟ್ಸ್, ಮಂದ್ರ ಪಂಚಮ 104. ಲೋ ಕಟ್ 100ಕ್ಕೆ ಇಟ್ಟರೆ ಮಂದ್ರದಲ್ಲಿ ಅವರು ನಿಲ್ಲಿಸಿ ಹಾಡುವ ಜಾಗವೇ ಸೊರಗುತ್ತದೆ. 80ಕ್ಕೆ ಇಳಿಸಿ. ಮೃದಂಗದ ಎಡಗಡೆಗೆ ಇನ್ನೂ ಕೆಳಗೆ. ಹೆಂಗಸರ ಶ್ರುತಿ ಐದು, ಐದೂವರೆ ಇರುವುದರಿಂದ ಅಲ್ಲಿ 100 ಪರವಾಗಿಲ್ಲ.

ಶೋನಲ್ಲಿ ಮಿಕ್ಸರ್ ಕೇಳಿ ತಗೊಳ್ಳಬೇಡಿ. ಸೀನಿಯರ್ ಊಟಕ್ಕೆ ಹೋಗುವಾಗ "ಸ್ವಲ್ಪ ನೋಡ್ಕೋ" ಅನ್ನುವ ದಿನ ಬರುತ್ತದೆ. ಆ ಹತ್ತು ನಿಮಿಷ ಯಾವ ನಾಬ್ ಮುಟ್ಟಿದಿರಿ, ಯಾವುದನ್ನು ಮುಟ್ಟದೆ ಬಿಟ್ಟಿರಿ ಅಂತ ಬಂದ ಮೇಲೆ ಅವರು ನೋಡೇ ನೋಡುತ್ತಾರೆ.

ಹಂತ 9: ದುಡ್ಡು ಮತ್ತು ಹತ್ತು ಗಂಟೆ

ಮೊದಲ ಸೀಸನ್ ದಿನದ ಬಾಟಾ (ಭತ್ಯೆ) ಮೇಲೆ ನಡೆಯುತ್ತದೆ. ಊಟ, ರಾತ್ರಿ ಮನೆಗೆ ಬಿಡುವುದು ಯಾರದು ಅಂತ ಮೊದಲೇ ಕೇಳಿ. ರಾತ್ರಿ ಎರಡಕ್ಕೆ ಲೋಡಿಂಗ್ ಮುಗಿದಮೇಲೆ ಆಟೋ ದುಡ್ಡಿಗೆ ಜಗಳ ಆಡಬಾರದು. ಒಬ್ಬರೇ ಶೋ ಒಪ್ಪಿಕೊಳ್ಳುವ ಹೊತ್ತಿಗೆ ಮಾತಾಡಿದ್ದನ್ನೆಲ್ಲ ವಾಟ್ಸಾಪ್‌ನಲ್ಲಿ ಹಾಕುವ ಅಭ್ಯಾಸ ಇರಲಿ: "ಸಾರ್, 14ನೇ ತಾರೀಕು ಶನಿವಾರ, ಸಂಜೆ 6ರ ಕಾರ್ಯಕ್ರಮ, ನಾನು 2ಕ್ಕೆ ಬರ್ತೀನಿ. ಒಪ್ಪಿದ ಮೊತ್ತ ಇಷ್ಟು, ಅಡ್ವಾನ್ಸ್ ಅರ್ಧ, ಉಳಿದದ್ದು ಅದೇ ರಾತ್ರಿ." ಜಗಳವಾದಾಗ ಬಾಯಿಮಾತು ನಿಲ್ಲುವುದಿಲ್ಲ. ಕಂಪನಿಗಳು ಟಿಡಿಎಸ್ (ಮೊದಲೇ ಕತ್ತರಿಸುವ ಆದಾಯ ತೆರಿಗೆ) ಹಿಡಿದು ಕೊಡುತ್ತವೆ, ಆದ್ದರಿಂದ ಪ್ಯಾನ್ ಕಾರ್ಡ್ ಕೊಟ್ಟಿರಿ. ಹಿಡಿದ ದುಡ್ಡು ನಿಮ್ಮ ಹೆಸರಿಗೆ ಜಮಾ ಆಗಿದೆಯಾ ಅಂತ ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನೋಡಿ. ರಿಟರ್ನ್ ಹಾಕದಿದ್ದರೆ ವಾಪಸ್ ಬರಬೇಕಾದ್ದೂ ಬರುವುದಿಲ್ಲ.

ಇನ್ನೊಂದು ಮಾತು. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಹೊರಗಡೆ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಗಳಿಗೆ ವರ್ಷದಲ್ಲಿ ಹೆಚ್ಚೆಂದರೆ 15 ದಿನ, ರಾತ್ರಿ 12ರವರೆಗೆ ಸರ್ಕಾರ ಸಡಿಲಿಕೆ ಕೊಡಬಹುದು. ಅನುಮತಿ ಪತ್ರದ ಫೋಟೋ ಶೋಗೆ ಮೊದಲೇ ಆಯೋಜಕರಿಂದ ತರಿಸಿಕೊಳ್ಳಿ. ಪೊಲೀಸರು ಬಂದಾಗ ಆಯೋಜಕರು ಊಟದ ಹಾಲ್‌ನಲ್ಲಿ ಇರುತ್ತಾರೆ. ಮಿಕ್ಸರ್ ಹಿಂದೆ ನಿಂತಿರುವುದು ನೀವು. ಒಂಬತ್ತೂವರೆಗೇ ನಿರೂಪಕರಿಗೆ ಚೀಟಿ ಕಳಿಸಿ: "ಇನ್ನು ಎರಡೇ ಹಾಡು." ಚೀಟಿ ನೋಡಿಯೂ ಮೂರನೆಯದು ಶುರು ಮಾಡುತ್ತಾರೆ. ಅದನ್ನೂ ಲೆಕ್ಕ ಹಾಕಿಕೊಂಡೇ ಒಂಬತ್ತೂವರೆ ಅಂದದ್ದು.